ನಿಮ್ಮ ನರಿಯಲ್ಲ, ನಮ್ಮ ನರಿ: ಕೊಡವ ತಕ್ಕ್ ಕಲಿಕೆಯ 22ನೆಯ ವಾರ

ಕೊಡಗಿನ ಕಕ್ಕಡ ತಿಂಗಳ ಮಳೆ ಹಿಡಿದು ಒಂಬತ್ತು ದಿನವಾಯಿತು. ಕರೆಂಟು ಬಂದರೆ ಅದೇ ಹಬ್ಬ. ಮೊಬೈಲ್ ಸತ್ತು ಮಲಗಿದ್ದರಿಂದ ಈ ವಾರದ ಆಲಿಸುವ ಅಭ್ಯಾಸಕ್ಕೆ ಸೆಲ್ ಹಾಕುವ ಹಳೆಯ ರೇಡಿಯೊ, ಮಡಿಕೇರಿ ಆಕಾಶವಾಣಿಯೇ ಗತಿ.

ಹೊಸಬರಿಗಾಗಿ ಒಂದು ಮಾತು: ನಾನು ಹಾಸನದ ಕಡೆಯವನು. ಪೊನ್ನಂಪೇಟೆಯ ಹತ್ತಿರ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು, ತೋಟದ ಮನೆಯೊಂದರ ಪಕ್ಕದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೇನೆ. ಇಲ್ಲಿನ ಕೊಡವರ ಭಾಷೆಯಾದ ಕೊಡವ ತಕ್ಕ್ ಕಲಿಯಲು ದಿನಕ್ಕೆ 20 ನಿಮಿಷ ಕೇಳುವುದು, ಒಂದು ಪುಟ ಬರೆಯುವುದು, ಭಾನುವಾರ ಅದನ್ನು ಮನೆಯ ಅಜ್ಜಿಗೆ ಓದಿ ಹೇಳುವುದು ಎಂದು ನಿಯಮ ಮಾಡಿಕೊಂಡಿದ್ದೆ. ಇಷ್ಟರಲ್ಲಿ 154 ಪುಟಗಳಾಗಬೇಕಿತ್ತು, ಆಗಿರುವುದು 91. ಪರೀಕ್ಷೆ, ನೆಗಡಿ, ಸೋಮಾರಿತನ, ಎಲ್ಲಕ್ಕೂ ಸಮಪಾಲು.

ಶುರುವಿನಲ್ಲಿ ನನಗೆ ಜಂಬವಿತ್ತು. ಕೊಡವ ತಕ್ಕ್ ದ್ರಾವಿಡ ನುಡಿ, ಬರೆಯುವುದು ಕನ್ನಡ ಲಿಪಿಯಲ್ಲಿ. ಹಳಗನ್ನಡದಲ್ಲಿದ್ದು ನಮ್ಮಲ್ಲಿ ಹಕಾರವಾಗಿಹೋದ ಪಕಾರ ಇಲ್ಲಿ ಹಾಗೆಯೇ ಉಳಿದಿದೆ. ಹಂದಿ ಪಂದಿ, ಹಾಲು ಪಾಲ್, ಹಕ್ಕಿ ಪಕ್ಕಿ. ಇನ್ನೊಂದು ಚಂದದ ಸಂಗತಿ: ನಮ್ಮ ಬೆಳ್ಳಿ ಇಲ್ಲಿ ಬೊಳ್ಳಿ, ಹೆಣ್ಣು ಪೊಣ್ಣ್. ಮುಂದೆ ಳ, ಣ ಇದ್ದು ಹಿಂದೆ ತುಟಿಯ ವ್ಯಂಜನವಿದ್ದರೆ ಎಕಾರ ಒಕಾರವಾಗಿ ಹೊರಳುತ್ತದೆ. ಇಂಥ ಸೂತ್ರ ಕೈಗೆ ಸಿಕ್ಕಿದ ಮೇಲೆ ವ್ಯಾಕರಣದ ಮೇಷ್ಟ್ರನ್ನು ಹಿಡಿಯುವವರು ಯಾರು? ಆರು ತಿಂಗಳು ಸಾಕು ಎಂದುಕೊಂಡಿದ್ದೆ.

ಹತ್ತಿರದ ಭಾಷೆಯೇ ಹೆಚ್ಚು ಆಟವಾಡಿಸುತ್ತದೆ ಎಂದು ಈಗ ನನಗೆ ಖಾತ್ರಿಯಾಗಿದೆ. ಗೊತ್ತಿಲ್ಲದ ಪದ ಕೇಳಿದರೆ ಕಿವಿ ತಡವರಿಸುತ್ತದೆ, ಇನ್ನೊಮ್ಮೆ ಕೇಳುತ್ತದೆ. ಗೊತ್ತಿರುವಂತೆ ಕೇಳಿಸುವ ಪದ ಬಂದರೆ ಅನುಮಾನವೇ ಹುಟ್ಟುವುದಿಲ್ಲ. ಮೂರನೆಯ ವಾರ ರೇಡಿಯೊದಲ್ಲಿ ಯಾರೋ ಹಳೆಯ ಕಾಲದ ಬೇಸಾಯದ ಬಗ್ಗೆ ಮಾತನಾಡುತ್ತಿದ್ದರು. ಎರಡು ವಾಕ್ಯಕ್ಕೊಮ್ಮೆ ಅಕ್ಕ ಬರುತ್ತಿದ್ದಳು. ಎಷ್ಟು ದುಡಿದಿದ್ದಾಳೆ ಪಾಪ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಕೊಡವ ತಕ್ಕ್‌ನಲ್ಲಿ 'ಅಕ್ಕ' ಎಂದರೆ 'ಆಗ'. ಆ ಮಾತಿನಲ್ಲಿ ಅಕ್ಕ ಇರಲೇ ಇಲ್ಲ.

ನಿಜವಾದ ಪಾಠವಾದದ್ದು ಹದಿನೇಳನೆಯ ವಾರ. ಸಂಜೆ ಆರೂವರೆ ಇರಬಹುದು. ತೋಟದ ಲೆಕ್ಕ ಬರೆಯುವ ರೈಟರ್ ಏದುಸಿರು ಬಿಡುತ್ತ ಬಂದು ಜಗಲಿಯಲ್ಲಿ ಅಜ್ಜಿಗೆ ಏನೋ ಹೇಳಿದರು. ನರಿ ಎಂದದ್ದು ಕೇಳಿಸಿತು, ಕೆಳಗಿನ ಗೇಟಿನ ಕಡೆಗೆ ಕೈ ತೋರಿಸಿದ್ದು ಕಾಣಿಸಿತು. ಮೊದಲ ಸಲ ಪೂರ್ತಿ ಮಾತು ಅರ್ಥವಾಯಿತೆಂಬ ಖುಷಿಯಲ್ಲಿ ಟಾರ್ಚ್ ತೆಗೆದುಕೊಂಡು ಹಾಲು ತರಲು ಅದೇ ಗೇಟಿನತ್ತ ಹೊರಟೆ.

"ಎಲ್ಲಿಗೆ ಮೇಷ್ಟ್ರೇ?"

"ಹಾಲಿಗೆ, ಅಜ್ಜಿ. ನರಿ ತಾನೆ? ನಮ್ಮೂರಿನಲ್ಲಿ ದಿನಾ ಊಳಿಡುತ್ತವೆ."

ಅಜ್ಜಿ ನನ್ನ ಕೊಡೆಯ ಹಿಡಿಯನ್ನೇ ಹಿಡಿದು ಎಳೆದರು. "ನಿಮ್ಮ ನರಿಯಲ್ಲ ಮೇಷ್ಟ್ರೇ, ನಮ್ಮ ನರಿ! ಹುಲಿ, ಹುಲಿ!"

ಮರುದಿನ ಬೆಳಿಗ್ಗೆ ನಲ್ಲಿಯ ಪಕ್ಕದ ಕೆಸರಿನಲ್ಲಿ ಹೆಜ್ಜೆ ಕಂಡಿತು. ಪಕ್ಕದಲ್ಲಿ ನನ್ನ ಅಂಗೈ ಇಟ್ಟು ನೋಡಿದೆ, ಅಗಲ ಹೆಚ್ಚುಕಡಿಮೆ ಒಂದೇ. ನಾಗರಹೊಳೆಯ ಅಂಚಿನ ಈ ಕಡೆ ಇದೇನೂ ಅಪರೂಪವಲ್ಲ. ನರಿ ಮಂಗಲದ ಬಗ್ಗೆ ಹಿಂದೆಯೇ ಓದಿದ್ದೆ. ಬೇಟೆ ನಿಷಿದ್ಧವಾಗುವ ಮೊದಲು, ಹುಲಿ ಕೊಂದವನನ್ನು ಮದುಮಗನಂತೆ ಕೂರಿಸಿ ಮಾಡುತ್ತಿದ್ದ ಸನ್ಮಾನ ಅದು. ಓದಿದ್ದು ತಲೆಯಲ್ಲಿತ್ತು, ಕಿವಿಗೆ ಇಳಿದಿರಲಿಲ್ಲ.

ಇದಕ್ಕೊಂದು ಬಾಲವಿದೆ. ಮುಂದಿನ ಭಾನುವಾರ ಈ ಘಟನೆಯನ್ನೇ ಬರೆದು ಓದುವಾಗ ನರಿ ಮರೆತುಹೋಗಿ, ಹಕಾರಕ್ಕೆ ಪಕಾರ ಎಂಬ ಹಳೆಯ ಸೂತ್ರ ಹಚ್ಚಿ 'ಪುಲಿ' ಎಂದುಬಿಟ್ಟೆ. ಅಜ್ಜಿಗೆ ಅದು 'ಪುಳಿ' ಎಂದು ಕೇಳಿಸಿತು. ಎದ್ದು ಹೋಗಿ ಕಾಚಂಪುಳಿಯ ಬಾಟಲಿ ತಂದು ನನ್ನ ಮುಂದಿಟ್ಟರು. ಪಂದಿ ಕರಿಗೆ ಹಾಕುವ ಕಪ್ಪು ಹುಳಿ. ಸೂತ್ರ ಕೆಲಸ ಮಾಡಿತ್ತು, ನನ್ನ ಹುಲಿಗಲ್ಲ, ಅವರ ಹುಳಿಗೆ.

ಬರವಣಿಗೆಯ ಪ್ರಗತಿ ನಿಧಾನ. ತಡೆ ಇರುವುದು ಸ್ವರಗಳಲ್ಲಿ. ತುಟಿ ದುಂಡಾಗಿಸದೆ ನಾಲಗೆಯ ನಡುವಿನಿಂದ ಹೊರಡುವ ಎರಡು ಸ್ವರಗಳಿಗೆ, ಅವುಗಳ ದೀರ್ಘಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಭಾಷಾಶಾಸ್ತ್ರಜ್ಞ ಎಮೆನೊ ಈ ಭಾಷೆಯ ಸ್ವರಗಳ ಮೇಲೆಯೇ 1970ರಲ್ಲಿ ಲೇಖನವೊಂದನ್ನು ಬರೆದಿದ್ದಾರೆ, ಆದ್ದರಿಂದ ನಾನು ಒದ್ದಾಡುವುದರಲ್ಲಿ ನಾಚಿಕೆಯೇನಿಲ್ಲ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಪ್ರಕಟಿಸಿದ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯೂ ಕನ್ನಡ ಲಿಪಿಯಲ್ಲೇ ಇದೆ. ಭಾಷೆ ಬಲ್ಲವರು ಕಣ್ಣಿಗೆ ಕಾಣದ ಸ್ವರವನ್ನು ತಾವೇ ತುಂಬಿಕೊಂಡು ಓದುತ್ತಾರೆ. ನನಗೆ ತುಂಬಲು ಒಳಗೆ ದಾಸ್ತಾನಿಲ್ಲ. ಹಾಗಾಗಿ ನನ್ನ ಪುಸ್ತಕದಲ್ಲಿ ಅಂಥ ಅಕ್ಷರದ ಕೆಳಗೆ ಪೆನ್ಸಿಲಿನಿಂದ ಚುಕ್ಕೆ ಇಡುತ್ತಿದ್ದೇನೆ. ಕ್ಷೌರದ ಕನ್ನಡಿ ಎದುರಿಗಿಟ್ಟುಕೊಂಡು 'ಕಲ್ಲ್', 'ಕಣ್ಣ್' ಎನ್ನುತ್ತೇನೆ. ಕೊನೆಗೆ ತುಟಿ ಮುಂದೆ ಬಂದರೆ ಅದು ಹಾಸನದ ಕಲ್ಲು. "ಮೂತಿ ಚೂಪು ಮಾಡಬೇಡಿ" ಎನ್ನುವುದು ಅಜ್ಜಿಯ ಒಂದೇ ಸೂಚನೆ. ಎಲ್ಲ ಗ್ರಂಥಗಳಿಗಿಂತ ಅದೇ ಉಪಯೋಗಕ್ಕೆ ಬಂದಿದೆ.

'ನಾವು' ಎಂಬುದು ಇನ್ನೊಂದು ಗುಂಡಿ. ಕೇಳುವವರನ್ನೂ ಸೇರಿಸಿಕೊಂಡರೆ 'ನಂಗ', ಅವರನ್ನು ಬಿಟ್ಟು ಹೇಳಿದರೆ 'ಎಂಗ'. ಕನ್ನಡದಲ್ಲಿ ಈ ಯೋಚನೆಯೇ ಬೇಕಿಲ್ಲ, ನಾವು ಎಂದರೆ ಮುಗಿಯಿತು. ಊರಿನ ಮನೆಯ ಬಗ್ಗೆ ಬರೆದ ಪುಟದಲ್ಲಿ ಉದ್ದಕ್ಕೂ 'ನಂಗಡ ಮನೆ' ಎಂದಿದ್ದೆ. ಅಜ್ಜಿ ಕನ್ನಡಕ ತೆಗೆದು, "ಹಾಗಾದರೆ ನನ್ನ ಪಾಲು ಯಾವಾಗ ಕೊಡುತ್ತೀರಿ?" ಎಂದರು. ಹನ್ನೊಂದು ಕಡೆ ತಿದ್ದಿ 'ಎಂಗಡ' ಮಾಡಿದೆ. ತಿದ್ದುತ್ತ ಹೋದಂತೆ ಒಂದು ಗಮನಕ್ಕೆ ಬಂತು: ಕನ್ನಡದಲ್ಲಿ ಮಾತಾಡುವಾಗಲೂ ಈಗ 'ನಮ್ಮ' ಎನ್ನುವ ಮುಂಚೆ ಎದುರಿಗೆ ಯಾರಿದ್ದಾರೆಂದು ಒಮ್ಮೆ ನೋಡುತ್ತೇನೆ.

ಯೋಚನೆಯ ವಿಚಾರಕ್ಕೆ ಬಂದರೆ, ಕುಳಿತು ಕೊಡವ ತಕ್ಕ್‌ನಲ್ಲಿ ಯೋಚಿಸುತ್ತೇನೆ ಎಂದರೆ ಆಗುವುದಿಲ್ಲ. ಕನ್ನಡದ ವಾಕ್ಯ ಮೊದಲು ಬಂದು ಕುರ್ಚಿ ಹಿಡಿದಿರುತ್ತದೆ. ಆದರೆ ಕಳೆದ ಗುರುವಾರ ಎಂಟನೆಯ ತರಗತಿಯಲ್ಲಿ ಪ್ರಬಂಧದ ಪುಸ್ತಕಗಳನ್ನು ಎಣಿಸುತ್ತಿದ್ದೆ. ತಲೆ ಸಂಜೆಯ ಬಸ್ಸಿನ ಚಿಂತೆಯಲ್ಲಿತ್ತು. "ಒಂದ್, ದಂಡು, ಮೂಂದ್, ನಾಲ್" ಎಂದು ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು. ತರಗತಿ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಬೆಂಚು ಗುದ್ದಿ ನಕ್ಕಿತು.

"ದಂಡು ಅಲ್ಲ ಸಾರ್, ದಂಡ್" ಎಂದಳು ಹಿಂದಿನ ಬೆಂಚಿನ ಹುಡುಗಿ. ಕಳೆದ ತಿಂಗಳು ಅವಳ ಪುಸ್ತಕದಲ್ಲಿ ಅಕಾರ ಹಕಾರದ ತಪ್ಪಿಗೆ ನಾನು ಕೆಂಪು ಗೀಟು ಎಳೆದಿದ್ದೆ. ಎರಡು ಎನ್ನಲು ಹೋಗಿ ಸೈನ್ಯವನ್ನೇ ಕರೆದಿದ್ದೆ ನಾನು.

ಮುಂದಿನ ವಾರಕ್ಕೆ ಐದೇ ಪದ: ಕಲ್ಲ್, ಕಣ್ಣ್, ಪಾಂಬ್, ಪೊಣ್ಣ್, ದಂಡ್. ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಪರೀಕ್ಷೆ. ಅಂಕ ಕೊಡುವವಳು ಅವಳೇ.