ಗಡಿನಾಡ ಯುಕೆಜಿಯಲ್ಲಿ ಮಾರ್ಚ್ ತಿಂಗಳು

ತಿಪಟೂರಿನ ಗೆಳತಿಯರು ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ: "ಕೇರಳದಲ್ಲಿ ಕನ್ನಡ ಶಾಲೆ ಇದೆಯೇನೇ?" ಇದೆ ಮಾರಾಯ್ತಿ, ಬೇಕಾದಷ್ಟಿದೆ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು ಇದು ದಕ್ಷಿಣ ಕನ್ನಡದ ಒಂದು ತಾಲ್ಲೂಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಈಗಲೂ ಹತ್ತನೇ ತರಗತಿಯ ತನಕ ಕನ್ನಡ ಮಾಧ್ಯಮದಲ್ಲೇ ಓದಬಹುದು. ಪಠ್ಯ ಕೇರಳದ್ದು, ಪುಸ್ತಕ ಕನ್ನಡದ್ದು. ಮದುವೆಯಾಗಿ ಈ ಕಡೆ ಬಂದ ಮೇಲೆ ನಾನು ಅಂಥದ್ದೊಂದು ಸರ್ಕಾರಿ ಶಾಲೆಯ ಪ್ರೀ-ಪ್ರೈಮರಿಯಲ್ಲಿ ಟೀಚರ್. ಯುಕೆಜಿ ನನ್ನ ಪಾಲಿನದು.

ನಮ್ಮ ಕಡೆ ಏಪ್ರಿಲ್ ಎರಡನೇ ವಾರದ ಹತ್ತಿರದ ತನಕ ಶಾಲೆ ಎಳೆಯುತ್ತದೆ ಅಲ್ವಾ? ಇಲ್ಲಿ ಮಾರ್ಚ್ ಕೊನೆಗೆ ಬಾಗಿಲು. ಮತ್ತೆ ತೆರೆಯುವುದು ಜೂನ್ ಮೊದಲಿಗೆ, ಬಲೂನು, ತೋರಣ ಕಟ್ಟಿದ ಪ್ರವೇಶೋತ್ಸವದ ದಿನ. ಹಾಗಾಗಿ ಜನವರಿಯಲ್ಲಿ ಕುಂಬಳೆ ಬೆಡಿ, ಅಂದರೆ ದೇವಸ್ಥಾನದ ಜಾತ್ರೆಯ ಸಿಡಿಮದ್ದು, ಮುಗಿದು ಮಕ್ಕಳು ನಿದ್ದೆಗಣ್ಣಲ್ಲಿ ಬಂದು ಕೂತರೆ, ಅಲ್ಲಿಂದಾಚೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಅಕ್ಷರ ಆಗಬೇಕು, ಲೆಕ್ಕ ಆಗಬೇಕು, ಸ್ಕೂಲ್ ಡೇ ಆಗಬೇಕು, ಪ್ರತಿ ಮಗುವಿನ ಫೈಲ್ ಆಗಬೇಕು. ನಡುವೆ ಯಾರದ್ದೋ ಮನೆಯಲ್ಲಿ ಭೂತದ ಕೋಲ, ಇನ್ಯಾರದ್ದೋ ಊರಲ್ಲಿ ಉರೂಸ್. ಅವತ್ತು ಕ್ಲಾಸು ಅರ್ಧ ಖಾಲಿ.

ಅಕ್ಷರದ ವಿಷಯದಲ್ಲಿ ನಾನು ಊರಿನ ಕಡೆಯ, ಅಂದರೆ ಕರ್ನಾಟಕದ ಸರ್ಕಾರಿ ಶಾಲೆಗಳ, ನಲಿ-ಕಲಿಯ ದಾರಿಯನ್ನೇ ಹಿಡಿದಿದ್ದೇನೆ. ಅ ಆ ಇ ಈ ಅಂತ ಸಾಲಾಗಿ ಹೋಗುವುದಿಲ್ಲ. ರ, ಗ, ಸ, ದ, ಅ ಇಷ್ಟರಿಂದ ಶುರು. ಈ ಐದು ಗೊತ್ತಾದರೆ ಸರ, ಅರಸ, ಗರಗಸ ಎಲ್ಲ ಮಗುವೇ ಕೂಡಿಸಿ ಓದುತ್ತದೆ. ಓದಿ ತನಗೇ ಆಶ್ಚರ್ಯವಾಗಿ ನಗುತ್ತದೆ. ಮಾರ್ಚ್ ಹೊತ್ತಿಗೆ ಗುಣಿತಾಕ್ಷರದ ಬಾಗಿಲಿಗೆ ಬಂದು ನಿಂತಿರುತ್ತಾರೆ. ಒತ್ತಕ್ಷರ ಈಗಲೇ ಬೇಡ. ಕೆಲವು ಅಪ್ಪ ಅಮ್ಮಂದಿರಿಗೆ ಅವಸರ, ನನಗಿಲ್ಲ.

ಲೆಕ್ಕಕ್ಕೆ ಮಾರ್ಚ್‌ಗಿಂತ ಒಳ್ಳೆಯ ತಿಂಗಳಿಲ್ಲ, ಯಾಕೆಂದರೆ ಅದು ಗೇರುಬೀಜದ ಕಾಲ. ಗುಡ್ಡೆ ಇಳಿದು ಬರುವ ಮಕ್ಕಳ ಚಡ್ಡಿ ಜೇಬು ತುಂಬ ಬೀಜ. ಯೂನಿಫಾರ್ಮ್ ಮೇಲೆ ಗೇರುಹಣ್ಣಿನ ಕಲೆ, ಅದು ಯಾವ ಸೋಪಿಗೂ ಹೋಗುವುದಿಲ್ಲ. ಒಂದು ತೆಂಗಿನ ಗೆರಟೆಗೆ ಹತ್ತು ಬೀಜ, ಐದು ಗೆರಟೆಗೆ ಐವತ್ತು. ಪ್ಲಾಸ್ಟಿಕ್ ಮಣಿ ಕೊಟ್ಟಾಗ ಮೂವತ್ತರ ಹತ್ತಿರ ಎಡವುವ ಹುಡುಗ, ತನ್ನ ಮನೆಯ ಬೀಜವಾದರೆ ಒಂದನ್ನೂ ತಪ್ಪಿಸುವುದಿಲ್ಲ. ಮಿಕ್ಕಿದ್ದನ್ನು ಲೆಕ್ಕ ಹಾಕಿ ವಾಪಸ್ ಜೇಬಿಗೆ ಇಳಿಸುತ್ತಾನೆ. ಈ ಮಕ್ಕಳಿಗೆ ಅಡಿಕೆಯ ರೇಟೂ ಗೊತ್ತು, ಬೀಜದ ರೇಟೂ ಗೊತ್ತು. ಮನೆಯಲ್ಲಿ ದಿನಾ ಅದೇ ಮಾತು ತಾನೇ? ಆದರೆ ಹಸಿ ಬೀಜ ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಸಿಪ್ಪೆಯ ಎಣ್ಣೆ ತಾಗಿದರೆ ತುಟಿ ಸುಟ್ಟುಹೋಗುತ್ತದೆ. ನಮ್ಮ ಆಯಾ ಅಕ್ಕನಿಗೆ ಆ ಹೊತ್ತಿಡೀ ಅದೇ ಕಾವಲು.

ಬೀಜ ಎಣಿಸಿ ಆದ ಮೇಲೆ ಅಂಗಡಿ ಆಟ. ಕೇರಳ ಸರ್ಕಾರ ವರ್ಣಕೂಡಾರಂ ಎಂಬ ಯೋಜನೆಯಲ್ಲಿ ಪ್ರೀ-ಪ್ರೈಮರಿಗಳಿಗೆ 13 ಚಟುವಟಿಕೆಯ ಜಾಗಗಳನ್ನು ಮಾಡಿಸುತ್ತಿದೆ. ಭಾಷೆಗೊಂದು, ಲೆಕ್ಕಕ್ಕೊಂದು, ನಾಟಕಕ್ಕೊಂದು ಹೀಗೆ. ನಮ್ಮ ಕೋಣೆಯಲ್ಲಿ ಅಷ್ಟೆಲ್ಲ ಜಾಗವಿಲ್ಲ, ಇರುವ ಮೂಲೆಯಲ್ಲೇ ಅಂಗಡಿ. ಅಲ್ಲಿ ಕೂತು ನೋಡುವುದು ನನಗೆ ತುಂಬ ಇಷ್ಟ. ಅಂಗಡಿಯವಳು ಐದೂವರೆ ವರ್ಷದ ಪುಟ್ಟಿ. ಒಬ್ಬ ಬಂದರೆ ತುಳುವಿನಲ್ಲಿ ವ್ಯಾಪಾರ, ಮತ್ತೊಬ್ಬಳು ಬಂದರೆ ಮಲಯಾಳದಲ್ಲಿ ಚೌಕಾಸಿ. ಬ್ಯಾರಿ ಮಾತಾಡುವ ಗೆಳತಿಗೆ ಸಾಲ ಬೇರೆ ಕೊಡುತ್ತಾಳೆ. ನಾನು ಹೋದರೆ ಥಟ್ಟನೆ ಪುಸ್ತಕದ ಕನ್ನಡ: "ಟೀಚರ್, ನಿಮಗೆ ಏನು ಬೇಕು?" ಯಾರೂ ಕಲಿಸಿದ್ದಲ್ಲ. ಇಂಥ ಮಕ್ಕಳಿಗೆ ನಾಲ್ಕು ಭಾಷೆ ಭಾರ ಆಗುತ್ತದೆ ಅಂತ ದೂರದಲ್ಲಿ ಕೂತು ಮರುಗುವವರು ಒಂದು ದಿನ ಬಂದು ಗಿರಾಕಿ ಆಗಬೇಕು.

ಸೆಖೆ ಮಾತ್ರ ಹೇಳತೀರದು. ತಿಪಟೂರಿನ ಬಿಸಿಲಲ್ಲಿ ಬೆಳೆದವಳಿಗೂ ಈ ಬೆವರು ಅಭ್ಯಾಸವಾಗಿಲ್ಲ. 2024ರ ಬೇಸಿಗೆಯಲ್ಲಿ ಇಲ್ಲಿನ ಶಾಲೆಗಳಿಗೆ ವಾಟರ್ ಬೆಲ್ ತಂದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಗಂಟೆ ಹೊಡೆದರೆ ಎಲ್ಲರೂ ನೀರು ಕುಡಿಯಬೇಕು. ಒಳ್ಳೆಯ ಏರ್ಪಾಡು. ಆದರೆ ಅದರ ಹತ್ತು ನಿಮಿಷದ ನಂತರ ಇಡೀ ಯುಕೆಜಿಗೆ ಒಟ್ಟಿಗೇ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ಯಾರೂ ಯೋಚಿಸಿದಂತಿಲ್ಲ.

ಸ್ಕೂಲ್ ಡೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲ ಕಡೆಯಂತೆ ಮೈಕ್ ಕೈಕೊಡುತ್ತದೆ, ಮುಖ್ಯ ಅತಿಥಿ ತಡವಾಗಿ ಬರುತ್ತಾರೆ. ಇಲ್ಲಿನ ವಿಶೇಷ ಎಂದರೆ ಒಂದೇ ಸ್ಟೇಜಿನಲ್ಲಿ ಮಾಪಿಳ್ಳೆಯರ ಮದುವೆ ಕುಣಿತವಾದ ಒಪ್ಪನ ಮುಗಿದ ಕೂಡಲೇ ಯಕ್ಷಗಾನದ ಚೆಂಡೆ ಶುರುವಾಗುವುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಯಕ್ಷಗಾನ ಇಲ್ಲದೆ ಸ್ಕೂಲ್ ಡೇ ನಡೆಯುತ್ತದೆಯೇ? ನಮ್ಮ ಚಿಳ್ಳೆಪಿಳ್ಳೆಗಳಿಗೆ ಬಾಲಗೋಪಾಲರ ವೇಷ. ನಾಲ್ಕು ಹೆಜ್ಜೆ ಹಾಕಿ ಒಳಗೆ ಬಾ ಅಂದರೆ, ಒಬ್ಬ ಗಿರಗಿರ ಸುತ್ತಿ ಹಾರುವ ಧಿಗಿಣ ಹೊಡೆಯಲು ಹೋಗಿ ಭಾಗವತರ ಮಡಿಲಲ್ಲೇ ಕೂತ. ಭಾಗವತರು ಪದ ನಿಲ್ಲಿಸಲಿಲ್ಲ.

ಈ ಸಲ ಕೆಲವು ಹೆತ್ತವರಿಗೆ ಗ್ರಾಜುಯೇಷನ್ ಬೇಕಿತ್ತು. ಪೇಟೆಯ ಶಾಲೆಗಳಲ್ಲಿ ಕಪ್ಪು ಗೌನು, ಚೌಕದ ಟೊಪ್ಪಿ ಹಾಕಿಸಿ ಫೋಟೋ ತೆಗೆಯುತ್ತಾರಲ್ಲ, ಅದು. ಮಾರ್ಚ್ ಸೆಖೆಗೆ ಕಪ್ಪು ಗೌನು! ಪಿಟಿಎ ಮೀಟಿಂಗಿನಲ್ಲಿ ನನ್ನ ಮುಖ ನೋಡಿಯೇ ಹೆಡ್‌ಮಾಷ್ಟ್ರಿಗೆ ಗೊತ್ತಾಯಿತು. ಕೊನೆಗೆ ಒಬ್ಬ ಅಜ್ಜ ಎದ್ದು, "ಟೊಪ್ಪಿ ತಾನೇ? ಹಾಳೆಯದ್ದು ನಾನು ಮಾಡಿ ಕೊಡ್ತೇನೆ" ಅಂದರು. ಪ್ರತಿ ತಲೆಗೂ ಅಳತೆ ತೆಗೆದುಕೊಂಡು ಹೋಗಿ ಅಡಿಕೆ ಹಾಳೆಯ ಮುಟ್ಟಾಳೆ ಮಾಡಿ ತಂದರು. ಫೋಟೋ ಚೆನ್ನಾಗಿ ಬಂದಿದೆ. ಗೌನಿನ ಬಾಡಿಗೆ ಉಳಿದ ದುಡ್ಡಿಗೆ ಐಸ್‌ಕ್ರೀಮ್.

ಇದೆಲ್ಲ ಕಣ್ಣಿಗೆ ಕಾಣುವ ಗಡಿಬಿಡಿ. ಒಳಗಿನ ತಲೆನೋವು ಬೇರೆ. ಕೇರಳದಲ್ಲಿ ಜೂನ್‌ನ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಎಷ್ಟು ಡಿವಿಜನ್, ಎಷ್ಟು ಟೀಚರ್ ಅಂತ ತೀರ್ಮಾನವಾಗುವುದು ಆ ಲೆಕ್ಕದ ಮೇಲೆ. ಮಕ್ಕಳು ತೀರಾ ಕಡಿಮೆಯಾದರೆ ಕಾಗದದಲ್ಲಿ ಶಾಲೆಗೆ ಅನ್‌ಇಕನಾಮಿಕ್, ಅಂದರೆ ಲಾಭದಾಯಕವಲ್ಲದ್ದು, ಅಂತ ಹೆಸರು ಬೀಳುತ್ತದೆ. ನಮ್ಮ ಒಂದನೇ ಕ್ಲಾಸು ತುಂಬಬೇಕಾದರೆ ನನ್ನ ಯುಕೆಜಿ ಮಕ್ಕಳು ಇಲ್ಲೇ ಉಳಿಯಬೇಕು. ಮಾರ್ಚ್‌ನಲ್ಲಿ ಗೇಟಿನ ಹತ್ತಿರ ನಿಲ್ಲುವ ಅಮ್ಮಂದಿರ ಮಾತಿನ ಧಾಟಿಯೇ ಬದಲಾಗುತ್ತದೆ.

"ಟೀಚರೇ, ಇವರು ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕುವಾ ಹೇಳ್ತಾರೆ. ಬಸ್ಸು ಮನೆ ಬಾಗಿಲಿಗೇ ಬರ್ತದಂತೆ."

ನಾನು ಭಾಷಣ ಮಾಡುವುದಿಲ್ಲ. ಮಗುವಿನ ಫೈಲ್ ತೆಗೆದು ಕೈಗೆ ಕೊಡುತ್ತೇನೆ. ಜೂನ್‌ನಲ್ಲಿ ಗೀಚಿದ್ದ ಗೆರೆ ಮೊದಲಿಗೆ, ಫೆಬ್ರವರಿಯಲ್ಲಿ ಕೋಲ ನೋಡಿ ಬಂದು ಬರೆದ ಭೂತದ ಚಿತ್ರ ಕೊನೆಗೆ. ಭೂತದ ಬೆನ್ನ ಹಿಂದಿನ ದೊಡ್ಡ ಅಣಿ ಹಾಳೆಯಲ್ಲಿ ಹಿಡಿಸಲಿಲ್ಲ ಅಂತ ಇನ್ನೊಂದು ಹಾಳೆ ಅಂಟಿಸಿಕೊಂಡಿದ್ದಾನೆ, ಕೆಳಗೆ ತನ್ನ ಹೆಸರು ತಾನೇ ಬರೆದಿದ್ದಾನೆ. ಅವರು ಸುಮಾರು ಹೊತ್ತು ನೋಡುತ್ತಾರೆ. ನೋಡಿದವರೆಲ್ಲ ಉಳಿಯುತ್ತಾರೆ ಅಂತೇನಲ್ಲ. ನಿಜ ಹೇಳಬೇಕೆಂದರೆ ಗುಡ್ಡೆಯ ಮೇಲಿನ ಮನೆಯವರಿಗೆ ಮಾಧ್ಯಮಕ್ಕಿಂತ ವ್ಯಾನ್ ದೊಡ್ಡದು. ಮಳೆಗಾಲದಲ್ಲಿ ತೋಡು ದಾಟಿಸಿ ಮಗುವನ್ನು ಕರೆತರುವ ಅಮ್ಮನಿಗೆ ನಾನು ಏನು ಹೇಳಲಿ? ನಮ್ಮ ಪಿಟಿಎ ಈ ವರ್ಷ ಒಂದು ಜೀಪಿನವರ ಜೊತೆ ಮಾತಾಡಿದೆ. ಡೀಸೆಲ್ ಖರ್ಚು ಯಾರು ಕೊಡಬೇಕು ಅನ್ನುವಲ್ಲಿಗೆ ಮಾತು ನಿಂತಿದೆ.

ರಜೆಗೆ ಯಾವಾಗ ಬರುತ್ತೀ ಅಂತ ಅಮ್ಮ ಕೇಳುತ್ತಲೇ ಇದ್ದಾಳೆ. ಏಪ್ರಿಲ್ ನಡುವಿನ ಬಿಸು ಹಬ್ಬ ಮುಗಿಸಿಕೊಂಡು ಬರುತ್ತೇನೆ. ತಿಂಗಳಿಡೀ ಇರಲು ಆಗುವುದಿಲ್ಲ. ಮೇ ತಿಂಗಳಲ್ಲಿ ನಾವು ಟೀಚರುಗಳು ಮನೆ ಮನೆ ಹತ್ತಬೇಕು, ಅಷ್ಟರೊಳಗೆ ಜೀಪಿನ ವಿಷಯ ಒಂದು ಇತ್ಯರ್ಥ ಆಗಿರಬೇಕು.