ಹೊಲಸು ಮೆಸೇಜ್ ಬಂದ್ರ ಏನ್ ಮಾಡ್ತೀರಿ ಅಕ್ಕಾ?

ನಾನು ಕಲಬುರಗಿಯ ಹಳೇ ಕಟ್ಟಡಗಳ ಫೋಟೋ ಹಾಕುವವಳು. ಭಾನುವಾರ ಬಿಸಿಲು ಏರುವ ಮುಂಚೆ ಸ್ಕೂಟಿ ತಗೊಂಡು ಹಫ್ತ್ ಗುಂಬಜ್ ಕಡೆಗೋ ಕೋಟೆಗೋ ಹೋಗುತ್ತೇನೆ, ನಾಲ್ಕು ಫೋಟೋ ತೆಗೆದು ಸಂಜೆ ಇನ್‌ಸ್ಟಾಗ್ರಾಂಗೆ, ಫೇಸ್‌ಬುಕ್‌ಗೆ ಹಾಕುತ್ತೇನೆ. ಅದರಲ್ಲಿ ನನ್ನ ಮುಖ ಎಲ್ಲೂ ಇಲ್ಲ. ಆದರೂ ಹೆಸರು ಹೆಂಗಸಿನದು ಅಂತ ಗೊತ್ತಾದರೆ ಸಾಕು. ‘ಗುಮ್ಮಟ ಛಲೋ ಅದ, ನಿಮ್ಮ ಫೋಟೋ ಯಾಕ ಹಾಕಂಗಿಲ್ಲ?’ ಅಂತ ಶುರುವಾಗುತ್ತದೆ, ಇಲ್ಲಿ ಬರೆಯಲು ಆಗದ ಮಾತಿನ ತನಕ ಹೋಗುತ್ತದೆ.

ಈ ವಿಷಯ ಗೊತ್ತಿರುವ ಹುಡುಗಿಯರು ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲಿ ಸಿಕ್ಕರೂ ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳುತ್ತಾರೆ. ‘ಹೊಲಸು ಮೆಸೇಜ್ ಬಂದ್ರ ಏನ್ ಮಾಡ್ತೀರಿ ಅಕ್ಕಾ? ನಾ ಪೇಜೇ ಬಂದ್ ಮಾಡಿಬಿಡ್ಲೇನ್ರಿ?’

ಬಂದ್ ಮಾಡಬೇಡ. ಅಳಿಸಲೂ ಬೇಡ. ಮೊದಲು ಸಾಕ್ಷಿ ಇಟ್ಟುಕೋ, ಆಮೇಲೆ ಬ್ಲಾಕ್ ಮಾಡು. ಈ ಕ್ರಮ ತಪ್ಪಬಾರದು. ನಾನು ತಪ್ಪಿ ಪೆಟ್ಟು ತಿಂದಿದ್ದೇನೆ.

ಕೆಲವು ವರ್ಷದ ಹಿಂದೆ ಒಬ್ಬ ನನ್ನ ಬೆನ್ನು ಹತ್ತಿದ್ದ. ಮೆಸೇಜ್ ಬಂದ ಕೂಡಲೇ ಕೈ ನಡುಗುತ್ತಿತ್ತು, ಮನೆಯಲ್ಲಿ ಯಾರಾದರೂ ನೋಡಿಬಿಟ್ಟರೆ ಅನ್ನುವ ಅಂಜಿಕೆಗೆ ಒಂದೊಂದನ್ನೂ ಅಳಿಸುತ್ತಾ ಬಂದೆ. ಬ್ಲಾಕ್ ಮಾಡಿದರೆ ಬೇರೆ ಅಕೌಂಟಿಂದ ಬರುತ್ತಿದ್ದ. ಕೊನೆಗೆ ಧೈರ್ಯ ಮಾಡಿ ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ಸಮಾಧಾನವಾಗಿಯೇ ಕೇಳಿದರು, ‘ಮೇಡಂ, ಮೆಸೇಜ್ ತೋರಿಸ್ರಿ.’ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಎರಡು ತಿಂಗಳ ಹಿಂಸೆಯನ್ನು ನಾನೇ ಒರೆಸಿ ಹಾಕಿದ್ದೆ.

ಈಗ ಹೀಗೆ ಮಾಡುತ್ತೇನೆ. ಗೊತ್ತಿಲ್ಲದವರ ಮೆಸೇಜ್ ಸಾಮಾನ್ಯವಾಗಿ ‘ರಿಕ್ವೆಸ್ಟ್’ ಅನ್ನುವ ಕಡೆ ಹೋಗಿ ಕೂರುತ್ತದೆ. ಅಲ್ಲಿ ತೆರೆದು ಓದಿದರೂ, ನೀವು ಒಪ್ಪಿಕೊಳ್ಳುವ ತನಕ, ಓದಿದ್ದು ಕಳಿಸಿದವನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಗಾಬರಿ ಬೇಡ. ಮೊದಲು ಸ್ಕ್ರೀನ್‌ಶಾಟ್. ಅವನ ಹೆಸರು, ಯೂಸರ್‌ನೇಮ್, ದಿನ, ಸಮಯ ಎಲ್ಲಾ ಅದರಲ್ಲಿ ಕಾಣಬೇಕು. ಇನ್‌ಸ್ಟಾಗ್ರಾಂನಲ್ಲಿ ಸಮಯ ಕಾಣದಿದ್ದರೆ ಚಾಟನ್ನು ಎಡಕ್ಕೆ ಎಳೆದರೆ ಕಾಣುತ್ತದೆ. ಆಮೇಲೆ ಪ್ರೊಫೈಲ್ ಲಿಂಕ್ ಕಾಪಿ ಮಾಡಿ ನನಗೆ ನಾನೇ ಇಮೇಲ್ ಕಳಿಸಿಕೊಳ್ಳುತ್ತೇನೆ, ಯಾಕಂದರೆ ಬ್ಲಾಕ್ ಆದಮೇಲೆ ಆ ಪ್ರೊಫೈಲ್ ಹುಡುಕುವುದು ಕಷ್ಟ, ಮತ್ತೆ ಕಳಿಸಿದವನು ತನ್ನ ಮೆಸೇಜನ್ನು ತಾನೇ ವಾಪಸ್ ತಗೊಳ್ಳಬಹುದು. ಇಷ್ಟಾದ ಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್. ಇನ್‌ಸ್ಟಾಗ್ರಾಂನಲ್ಲಿ ಅವನು ಮುಂದೆ ತೆರೆಯುವ ಅಕೌಂಟನ್ನೂ ಸೇರಿಸಿ ಬ್ಲಾಕ್ ಮಾಡುವ ಆಯ್ಕೆ ಇದೆ, ಅದನ್ನೇ ಒತ್ತಿ. ಅಪರಿಚಿತರಿಗೆ ಉತ್ತರ ಮಾತ್ರ ಕೊಡಬೇಡಿ. ಬೈದರೂ ಅವನಿಗೆ ಅದು ಉತ್ತರವೇ, ಅದಕ್ಕೇ ಅವನು ಕಾಯುತ್ತಿರುತ್ತಾನೆ.

ಗೊತ್ತಿದ್ದವರದು ಬೇರೆ ಕಥೆ, ನಿಜವಾದ ತಲೆನೋವು ಅದೇ. ದೂರದ ನೆಂಟ, ಜೊತೆಗೆ ಕೆಲಸ ಮಾಡುವವನು. ಬೆಳಗ್ಗೆ ಗುಡ್ ಮಾರ್ನಿಂಗ್ ಹೂವು, ಮಧ್ಯಾಹ್ನ ‘ಊಟ ಆಯ್ತಾ’, ರಾತ್ರಿ ಹನ್ನೊಂದಕ್ಕೆ ‘ಇನ್ನೂ ಎಚ್ಚರ ಇದ್ದೀರಾ’. ಬ್ಲಾಕ್ ಮಾಡಿದರೆ ನಾಳೆ ಜಾತ್ರೆಯಲ್ಲೋ ಸೀಮಂತದಲ್ಲೋ ಮಾತು ಬರುತ್ತದೆ. ಇಂಥವರಿಗೆ ಒಂದೇ ಒಂದು ಸಲ, ನಗುವ ಎಮೋಜಿ ಹಾಕದೆ, ನೇರವಾಗಿ ಬರೆಯಿರಿ: ‘ನನಗೆ ಪರ್ಸನಲ್ ಮೆಸೇಜ್ ಕಳಿಸಬೇಡಿ, ನನಗೆ ಇಷ್ಟ ಇಲ್ಲ.’ ಅದರದ್ದೂ ಸ್ಕ್ರೀನ್‌ಶಾಟ್ ಇರಲಿ. ಈ ಒಂದು ಸಾಲಿಗೆ ಕಾನೂನಿನಲ್ಲಿ ಬೆಲೆ ಇದೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹೇಳುವುದು ಇದನ್ನೇ: ಹೆಂಗಸು ಬೇಡ ಅಂತ ಸ್ಪಷ್ಟವಾಗಿ ತಿಳಿಸಿದ ಮೇಲೂ ಪದೇ ಪದೇ ಸಂಪರ್ಕಿಸಿದರೆ ಅದು ಬೆನ್ನು ಹತ್ತುವ ಅಪರಾಧ, ಮೊದಲ ಸಲಕ್ಕೆ 3 ವರ್ಷದ ತನಕ ಜೈಲು ಆಗಬಹುದು. ಸುಮ್ನೆ ನಕ್ಕು ಬಿಟ್ಟರೆ ಆ ‘ಬೇಡ’ ದಾಖಲೆಯಲ್ಲಿ ಇರುವುದೇ ಇಲ್ಲ, ಅಲ್ವಾ? ಅದಾದ ಮೇಲೆ ಇನ್‌ಸ್ಟಾಗ್ರಾಂನಲ್ಲಿ ‘ರಿಸ್ಟ್ರಿಕ್ಟ್’ ಮಾಡಿಬಿಡಿ. ಅವರ ಮೆಸೇಜ್ ರಿಕ್ವೆಸ್ಟ್ ಕಡೆ ಹೋಗುತ್ತದೆ, ನೀವು ಆನ್‌ಲೈನ್ ಇದ್ದೀರೋ ಇಲ್ಲವೋ ಅವರಿಗೆ ಕಾಣುವುದಿಲ್ಲ.

ಅಶ್ಲೀಲ ಚಿತ್ರ ಕಳಿಸಿದರೆ ಐಟಿ ಕಾಯ್ದೆಯ 67ನೇ ಕಲಂ ಇದೆ. ಈಗಲೂ ಜಾಸ್ತಿ ಜನ ‘66ಎ ಹಾಕಿಸ್ತೀನಿ’ ಅನ್ನುತ್ತಾರೆ. ಅದೇ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ರದ್ದು ಮಾಡಿದೆ. ಅದನ್ನು ಹೇಳಿ ಹೆದರಿಸಲು ಹೋಗಬೇಡಿ. ಸೈಬರ್ ಅಪರಾಧಕ್ಕೆ ಸೆನ್ (ಸಿಇಎನ್) ಅನ್ನುವ ಪೊಲೀಸ್ ಠಾಣೆ ಇದೆ, ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. 1930 ನಂಬರ್ ಮುಖ್ಯವಾಗಿ ದುಡ್ಡಿನ ಮೋಸಕ್ಕೆ.

ದುಡ್ಡು ಅಂದಾಗ ಹುಡುಗರ ಮಾತೂ ಹೇಳಬೇಕು. ಅವರೂ ಕೇಳುತ್ತಾರೆ, ಇನ್ನೂ ಸಣ್ಣ ದನಿಯಲ್ಲಿ. ಗುರುತಿಲ್ಲದ ಹುಡುಗಿಯ ವಿಡಿಯೋ ಕಾಲ್, ಅದನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ‘ರೊಕ್ಕ ಹಾಕು, ಇಲ್ಲಾಂದ್ರ ಎಲ್ಲರಿಗೂ ಕಳಿಸ್ತೀನಿ’ ಅನ್ನುವ ಬೆದರಿಕೆ. ಒಂದು ರೂಪಾಯಿಯೂ ಹಾಕಬೇಡ ತಮ್ಮಾ. ಒಮ್ಮೆ ಹಾಕಿದರೆ ಮತ್ತೆ ಕೇಳುತ್ತಾರೆ. ಹಾಕಿಬಿಟ್ಟಿದ್ದರೆ ತಡ ಮಾಡದೆ ಆಗಲೇ 1930ಕ್ಕೆ ಫೋನ್ ಮಾಡು.

ಮತ್ತೊಂದು ಮಾತು. ಹುಡುಗಿಯ ಅಣ್ಣ ತಮ್ಮಂದಿರು ಸಿಟ್ಟಿನಿಂದ ಹೊಲಸು ಮೆಸೇಜ್ ಕಳಿಸಿದ ಅಕೌಂಟಿನ ಫೋಟೋವನ್ನು ಊರಿಗೆಲ್ಲಾ ಹಂಚುತ್ತಾರೆ. ಆ ಫೋಟೋ ಕದ್ದದ್ದಾಗಿದ್ದರೆ? ಏನೂ ಮಾಡದ ಹುಡುಗನೊಬ್ಬ ಹೊಡೆತ ತಿನ್ನುತ್ತಾನೆ, ಮಾಡಿದವನು ಇನ್ನೊಂದು ಫೋಟೋ ಹಾಕಿಕೊಳ್ಳುತ್ತಾನೆ.

ಇಷ್ಟೆಲ್ಲಾ ಹೇಳಿದರೂ ಹುಡುಗಿಯರ ಕಣ್ಣಲ್ಲಿ ಅಂಜಿಕೆ ಹೋಗುವುದಿಲ್ಲ. ಅದು ಮೆಸೇಜ್ ಕಳಿಸಿದವನ ಅಂಜಿಕೆ ಅಲ್ಲ, ಮನೆಯ ಅಂಜಿಕೆ. ಹೇಳಿದರೆ ಮೊದಲು ಕಸಿಯುವುದು ಅವಳ ಫೋನನ್ನೇ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ತಪ್ಪು ಮಾಡಿದವನ ಫೋನ್ ಅವನ ಕೈಯಲ್ಲೇ ಇರುತ್ತದೆ, ಇವಳ ಫೋನ್ ಅಪ್ಪನ ಕಪಾಟಿನಲ್ಲಿ. ಹಾಗಾದ ಮೇಲೆ ಮುಂದಿನ ಸಲ ಅವಳು ಬಾಯಿ ಬಿಡುತ್ತಾಳಾ? ಅಪ್ಪಂದಿರೇ, ಅಣ್ಣಂದಿರೇ, ದಯವಿಟ್ಟು ಫೋನ್ ಕಸಿಯಬೇಡಿ. ಪಕ್ಕದಲ್ಲಿ ಕೂತು ಸ್ಕ್ರೀನ್‌ಶಾಟ್ ತೆಗೆಯಲು ಸಹಾಯ ಮಾಡಿ.

ನಮ್ಮ ಓಣಿಯ ಹುಡುಗಿಯೊಬ್ಬಳು ಮೆಹಂದಿ ಹಾಕುತ್ತಾಳೆ. ಪೇಜಿನಿಂದಲೇ ಆರ್ಡರ್ ಬರುತ್ತಿತ್ತು. ಇದೇ ಕಾಟಕ್ಕೆ ಪೇಜ್ ಮುಚ್ಚಿದ್ದಳು. ಶ್ರಾವಣಕ್ಕೆ ಮುಂಚೆ ನಮ್ಮ ಮನೆಗೆ ಬಂದಳು, ಇಬ್ಬರೂ ಕೂತು ಉಳಿದಿದ್ದ ಮೆಸೇಜ್‌ಗಳನ್ನೆಲ್ಲಾ ಒಂದೊಂದಾಗಿ ತೆಗೆದಿಟ್ಟೆವು. ಆಮೇಲೆ ಅವಳ ಅವ್ವನ ಮುಂದೆ ಫೋನ್ ಇಟ್ಟೆವು. ಅವ್ವ ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು. ‘ಇಷ್ಟ ದಿನ ಯಾಕ ಹೇಳಲಿಲ್ಲವ್ವಾ?’ ಮರುದಿನ ಠಾಣೆಗೆ ಅವ್ವನೇ ಜೊತೆಗೆ ಹೋದಳು. ನಾಗರಪಂಚಮಿಗೆ ಹುಡುಗಿಗೆ ಹತ್ತು ಮನೆಯ ಆರ್ಡರ್ ಇತ್ತು, ಪೇಜ್ ಮೂಲಕವೇ.