ಒಡಿಸ್ಯೂಸ್ ಹೊರಬೇಕಾದ ಹುಟ್ಟು

ಮಂಡ್ಯದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಈ ಬೇಸಿಗೆಯಲ್ಲಿ ಪ್ರಾಚೀನ ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಕಾವ್ಯವನ್ನು ಎರಡನೆಯ ಬಾರಿ ಓದಿ ಮುಗಿಸಿದೆ. ವೀರನು ಮನೆ ಬಿಟ್ಟು ಹೊರಡುವುದು, ಪರೀಕ್ಷೆಗಳನ್ನು ಎದುರಿಸಿ ಬೇರೆಯವನಾಗುವುದು, ಗಳಿಸಿದ್ದನ್ನು ಹೊತ್ತು ಮರಳುವುದು ಎಂದು ಅಮೆರಿಕದ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ವಿವರಿಸಿದ ಮೂರು ಘಟ್ಟಗಳಿಗೆ ಈ ಕಾವ್ಯವನ್ನು ಉದಾಹರಣೆಯಾಗಿ ಕೊಡುವ ರೂಢಿಯಿದೆ. ಆ ಚೌಕಟ್ಟು ಇಲ್ಲಿ ಹೊಂದುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹೋಮರನು ಕಾವ್ಯದ ಭಾರವನ್ನೆಲ್ಲ ಮೂರನೆಯ ಘಟ್ಟದ ಮೇಲೆ, ಮರಳುವಿಕೆಯ ಮೇಲೆ, ಇಟ್ಟಿದ್ದಾನೆ.

ಹೊರಡೆಂಬ ಕರೆ ಇಲ್ಲಿ ಬರುವುದು ಕಥಾನಾಯಕ ಒಡಿಸ್ಯೂಸನಿಗಲ್ಲ, ಅವನ ಮಗ ಟೆಲೆಮಾಕಸನಿಗೆ. ಮೊದಲ ನಾಲ್ಕು ಸರ್ಗಗಳು ಬಹುಮಟ್ಟಿಗೆ ಅವನವೇ. ಐದನೆಯ ಸರ್ಗದಲ್ಲಿ ನಾವು ತಂದೆಯನ್ನು ಮೊದಲು ಕಾಣುವಾಗ, ಟ್ರಾಯ್ ಯುದ್ಧದ 10 ವರ್ಷಗಳನ್ನು ಕಳೆದು, ಕಲಿಪ್ಸೊ ಎಂಬ ದೇವತೆಯ ದ್ವೀಪದಲ್ಲಿ 7 ವರ್ಷ ಸಿಕ್ಕಿಬಿದ್ದ ಅವನು ಕಡಲಿನತ್ತ ನೋಡುತ್ತ ಅಳುತ್ತಿರುತ್ತಾನೆ. ತನ್ನೊಡನೆ ಉಳಿದರೆ ಸಾವೇ ಇಲ್ಲದಂತೆ ಮಾಡುವೆನೆಂದು ಅವಳು ಹೇಳುತ್ತಾಳೆ. ಅಮೃತವನ್ನು ಅರಸಿ ಹೊರಟ ವೀರರ ಕಥೆಗಳು ಎಷ್ಟೋ ಇವೆ. ಇವನಾದರೋ ತಾನಾಗಿ ಬಂದ ಅಮರತ್ವವನ್ನು ಒಲ್ಲೆನೆಂದು, ಮುಪ್ಪು ತಪ್ಪದ ಹೆಂಡತಿಯ ಬಳಿಗೆ ಹೊರಡುತ್ತಾನೆ.

ಒಕ್ಕಣ್ಣ ದೈತ್ಯ, ಮಾಟಗಾತಿ ಸಿರ್ಸೆ, ಸತ್ತವರ ಲೋಕ ಮುಂತಾದ ಹೆಸರಾಂತ ಸಾಹಸಗಳೆಲ್ಲ 9ರಿಂದ 12ರವರೆಗಿನ ನಾಲ್ಕೇ ಸರ್ಗಗಳಲ್ಲಿ, ಅವನ ಬಾಯಿಂದಲೇ ಬರುತ್ತವೆ. 13ನೆಯ ಸರ್ಗದಲ್ಲಿ, ಗಾಢ ನಿದ್ದೆಯಲ್ಲಿರುವಾಗಲೇ, ಅವನು ತನ್ನೂರು ಇಥಾಕವನ್ನು ಮುಟ್ಟಿಬಿಡುತ್ತಾನೆ. ಒಟ್ಟು 24 ಸರ್ಗಗಳಲ್ಲಿ ಉಳಿದ ಅರ್ಧವೆಲ್ಲ ಊರು ಸೇರಿದ ಮೇಲಿನ ಕಥೆ. ಭಿಕ್ಷುಕನ ವೇಷ, ಹೆಂಡತಿಯನ್ನು ವರಿಸಲು ಬಂದು ಕೂತವರಿಂದ ಸ್ವಂತ ಮನೆಯಲ್ಲೇ ಅವಮಾನ, ಕೊನೆಗೆ ಬಿಲ್ಲಿನ ಪರೀಕ್ಷೆ: ಪಾಂಡವರ ಅಜ್ಞಾತವಾಸವನ್ನೂ ಸೀತಾಸ್ವಯಂವರವನ್ನೂ ಕೇಳಿ ಬೆಳೆದವರಿಗೆ ಇದು ದೂರದ ಕಥೆ ಅನ್ನಿಸದು. ಮುದಿನಾಯಿ ಆರ್ಗಸ್ ಅವನನ್ನು ಕಂಡು ಬಾಲವಾಡಿಸಿ ಪ್ರಾಣ ಬಿಡುತ್ತದೆ. ಕಾಲು ತೊಳೆಯುವ ಮುದುಕಿಗೆ ತೊಡೆಯ ಹಳೆಯ ಗಾಯದ ಕಲೆ ಸಿಗುತ್ತದೆ. ಹೆಂಡತಿ ಪೆನೆಲೊಪೆ ಮಾತ್ರ ಸುಲಭಕ್ಕೆ ನಂಬುವವಳಲ್ಲ. ಮಂಚವನ್ನು ಹೊರಗೆ ಹಾಕಿಸೆಂದು ದಾಸಿಗೆ ಹೇಳಿ, ಬೇರುಬಿಟ್ಟ ಆಲಿವ್ ಮರದ ಬೊಡ್ಡೆಯನ್ನೇ ಕಾಲಾಗಿಸಿ ಕಟ್ಟಿದ ಆ ಮಂಚ ಕದಲದೆಂಬ ಗುಟ್ಟನ್ನು ಗಂಡನ ಬಾಯಿಂದಲೇ ಹೊರಡಿಸುತ್ತಾಳೆ. ದೈತ್ಯನನ್ನು ಗೆದ್ದುದಕ್ಕಿಂತ ಇದು ಕಠಿಣವಾದ ಪರೀಕ್ಷೆಯೆಂದು ನನ್ನ ಭಾವನೆ.

ಆದರೂ ಚೌಕಟ್ಟು ಅಲ್ಲಿಗೆ ಮುಚ್ಚಿಕೊಳ್ಳುವುದಿಲ್ಲ. ಸತ್ತವರ ಲೋಕದಲ್ಲಿ ಕಾಲಜ್ಞಾನಿ ಟೈರೇಸಿಯಸ್ ಅವನಿಗೆ ಇನ್ನೊಂದು ಪ್ರಯಾಣವನ್ನು ವಿಧಿಸಿದ್ದಾನೆ. ಕಡಲನ್ನೇ ಅರಿಯದ, ಊಟಕ್ಕೆ ಉಪ್ಪು ಬೆರೆಸದ ಜನರ ನಾಡಿಗೆ ದೋಣಿಯ ಹುಟ್ಟನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ದಾರಿಹೋಕನೊಬ್ಬನು ಅದನ್ನು ಕಾಳು ತೂರುವ ಸಾಧನವೆಂದು ಕರೆದಲ್ಲಿ ನೆಲಕ್ಕೆ ನೆಟ್ಟು, ಮುನಿದ ಕಡಲದೇವ ಪೊಸೈಡನನಿಗೆ ಬಲಿ ಕೊಡಬೇಕು. ನಮ್ಮ ಕಡೆ ರಾಶಿಯನ್ನು ಮೊರದಲ್ಲಿ ತೂರುವುದರಿಂದ ಮೊದಲ ಓದಿನಲ್ಲಿ ನನಗೆ ಈ ಹೋಲಿಕೆ ಹಿಡಿಯಲಿಲ್ಲ. ಗ್ರೀಕರದು ಉದ್ದ ಹಿಡಿಯ ಮರದ ಸಲಿಕೆಯಂಥದೆಂದು ತಿಳಿದ ಮೇಲೆ, ಕಣದಲ್ಲಿ ಗಾಳಿಗೆ ಕಾಯುತ್ತ ನಿಂತ ನಮ್ಮೂರಿನ ರೈತನೊಬ್ಬನು ಈ ಅಪರಿಚಿತನನ್ನು ಕರೆದು ಹಾಗೆ ಕೇಳಿದಂತೆಯೇ ಕಂಡಿತು.

ಇಪ್ಪತ್ತು ವರ್ಷಗಳ ಬಳಿಕ ಕೂಡಿದ ಹೆಂಡತಿಗೆ, ಆ ಮಂಚದ ಮೇಲೆ ಮಲಗುವ ಮುನ್ನವೇ, ಒಡಿಸ್ಯೂಸ್ ಈ ಸುದ್ದಿಯನ್ನು ಹೇಳುತ್ತಾನೆ. ಹೇಗೂ ತಿಳಿಯಲೇಬೇಕಾದದ್ದನ್ನು ಈಗಲೇ ಹೇಳೆಂದು ಕೇಳಿದವಳು ಅವಳೇ.